ಉಂಬಳ ಹೋಯಿತು, ಉಣುಗು ಬಂತು: ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುವ ಮುಂಚೆ

ಶಿರಸಿ ಕಡೆ ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾಲಿಗೆ ಸುಣ್ಣವೋ ತಂಬಾಕಿನ ನೀರೋ ಹಚ್ಚಿಕೊಂಡಿರುತ್ತಾರೆ, ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಬೆರಳ ಸಂದಿ ನೋಡಿಕೊಳ್ಳುತ್ತಾರೆ, ಮನೆಗೆ ಬಂದ ಮೇಲೂ ಒಂದು ಸಲ ಪ್ಯಾಂಟು ಕೊಡವುತ್ತಾರೆ. ಉಂಬಳ, ಅಂದರೆ ಜಿಗಣೆ, ಅದರ ಬಗ್ಗೆ ಅಷ್ಟು ಎಚ್ಚರ. ಉಂಬಳ ಕಚ್ಚಿದರೆ ಆಗುವುದೇನು? ಒಂದಿಷ್ಟು ರಕ್ತ, ಎರಡು ದಿನ ತುರಿಕೆ, ಅಷ್ಟೇ. ಆಮೇಲೆ ದೀಪಾವಳಿ ಕಳೆಯುತ್ತದೆ, ನೆಲ ಒಣಗುತ್ತದೆ, ಉಂಬಳ ಕಾಣೆಯಾಗುತ್ತದೆ, ನಾವು ನಿರಾಳವಾಗಿ ಹವಾಯಿ ಚಪ್ಪಲಿಯಲ್ಲಿ ಬೆಟ್ಟ ಹತ್ತುತ್ತೇವೆ, ದರಕಿನ, ಅಂದರೆ ಒಣಗಿ ಉದುರಿದ ಎಲೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತೇವೆ. ಎಚ್ಚರ ಜಾಸ್ತಿ ಬೇಕಾದದ್ದು ಆಗಲೇ, ಉಣುಗು, ಅಂದರೆ ಉಣ್ಣಿ, ಬರುವ ಕಾಲ ಅದು.

ನಾನು ಇದನ್ನು ಬರೆಯಲು ಕುಳಿತದ್ದಕ್ಕೆ ಕಾರಣ ಇದೆ. ಒಂದು ಫೆಬ್ರವರಿಯಲ್ಲಿ ಅಪ್ಪೆಮಿಡಿ ಕೊಯ್ಯಲು ಹಳ್ಳದ ದಾರಿ ಹಿಡಿದು ಹೋಗಿದ್ದೆವು. ಅಕ್ಕನ ಮಗ, ಒಂಬತ್ತು ವರ್ಷದವನು, ಜೊತೆಗೆ ಬಂದಿದ್ದ. ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತೆವು. ಸ್ನಾನ ಮಾಡಲಿಲ್ಲ, ಬಟ್ಟೆ ಬದಲಿಸಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಅವನ ತಲೆ ಬಾಚುವಾಗ ಕಿವಿಯ ಹಿಂದೆ ಒಂದು ಕಪ್ಪು ಚುಕ್ಕೆ. ಎಳ್ಳಿನಷ್ಟೂ ಇಲ್ಲ. ಮಣ್ಣು ಅಂದುಕೊಂಡು ಉಗುರಿನಲ್ಲಿ ಕೆರೆದಳು, ಅದು ಬರಲಿಲ್ಲ. ಉಣುಗು. ಇಡೀ ರಾತ್ರಿ ಅಲ್ಲೇ ಇತ್ತು. ಮಗುವಿಗೆ ನೋವಿಲ್ಲ, ತುರಿಕೆ ಇಲ್ಲ, ಗೊತ್ತೇ ಇಲ್ಲ. ಅವನಿಗೆ ಏನೂ ಆಗಲಿಲ್ಲ. ಆದರೆ ಮುಂದಿನ ಹತ್ತು ದಿನ ನಾವು ದಿನಕ್ಕೆ ನಾಲ್ಕು ಸಲ ಅವನ ಹಣೆ ಮುಟ್ಟಿ ನೋಡಿದ್ದು ನನಗೆ ಈಗಲೂ ನೆನಪಿದೆ.

ಹೆದರಿಕೆ ಯಾಕೆ ಅಂದರೆ ನಮ್ಮ ಭಾಗದಲ್ಲಿ ಉಣುಗು ಅಂದರೆ ಮಂಗನ ಕಾಯಿಲೆ.

ಯಾವ ಉಣುಗು, ಯಾವ ತಿಂಗಳು

ಮಂಗನ ಕಾಯಿಲೆಯ ವೈರಸ್ ಮೊದಲು ಸಿಕ್ಕಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ವೈದ್ಯರ ಪುಸ್ತಕದಲ್ಲಿ ಅದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಆಸ್ಪತ್ರೆ ಚೀಟಿಯಲ್ಲಿ ಕೆಎಫ್‌ಡಿ. ಸೊರಬ ಅಂದರೆ ಶಿರಸಿ, ಸಿದ್ದಾಪುರಕ್ಕೆ ಅಂಟಿಕೊಂಡೇ ಇರುವ ತಾಲೂಕು ಅಲ್ವಾ. ಸಿದ್ದಾಪುರ, ಹೊನ್ನಾವರ, ಭಟ್ಕಳ, ಅಂಕೋಲಾ ಭಾಗದಲ್ಲೂ ಜನರಿಗೆ ಬಂದಿದೆ. ಈಚಿನ ವರ್ಷಗಳಲ್ಲಿ ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಗಿದೆ. ಹಾಗಾಗಿ ಕಾರವಾರ, ಜೊಯಿಡಾದವರು ಇದು ಬೇರೆ ಕಡೆಯವರ ಕಾಯಿಲೆ ಅಂತ ಸುಮ್ನೆ ಕೂರುವ ಹಾಗಿಲ್ಲ.

ಹೆಸರು ಮಂಗನದಾದರೂ ನಮಗೆ ಅದನ್ನು ತರುವುದು ಉಣುಗು. ಮಂಗನಿಗೂ ಅದೇ ತರುತ್ತದೆ. ಕೆಂಪು ಮೂತಿಯ ಮಂಗ, ಕರಿ ಮೂತಿಯ ಮುಸುವ ಎರಡೂ ಈ ಜ್ವರಕ್ಕೆ ಸಾಯುತ್ತವೆ. ರೋಗ ಬಂದ ಮನುಷ್ಯನ ಹತ್ತಿರ ಕೂತರೆ, ಊಟ ಕೊಟ್ಟರೆ ಇದು ಹರಡುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಾಯಿಲೆ ಬಂದ ಮನೆಗೆ ಜನ ಹೋಗುವುದನ್ನೇ ನಿಲ್ಲಿಸುವುದುಂಟು. ಆ ಮನೆಯವರಿಗೆ ಅಕ್ಕಪಕ್ಕದವರು ಬೇಕಾಗುವುದೇ ಆಗ.

ಈಗ ತಿಂಗಳ ಲೆಕ್ಕ. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಎಮ್ಮೆ, ಕಾಡುಪ್ರಾಣಿಗಳ ಮೈ ಹಿಡಿಯುತ್ತದೆ. ರಕ್ತ ಕುಡಿದು ಉಬ್ಬಿ, ಕೆಳಗೆ ಬಿದ್ದು, ದರಕಿನ ಅಡಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನ ಒಳಗೆ, ಆರು ಕಾಲಿನ ಪುಟ್ಟ ಮರಿಗಳು ಮೇಲೆ ಬರುತ್ತವೆ. ಅವು ಇಲಿ, ಹಕ್ಕಿ, ಮಂಗನ ರಕ್ತ ಕುಡಿದು ಒಂದು ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತವೆ. ಮನುಷ್ಯನಿಗೆ ಕಾಯಿಲೆ ತರುವುದು ಹೆಚ್ಚಾಗಿ ಈ ಎಳೆಯದೇ. ಅದರ ಕಾಲ ಹೆಚ್ಚುಕಡಿಮೆ ಜನವರಿಯಿಂದ ಮೇ. ಮಂಗನ ಕಾಯಿಲೆಯೂ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ, ಮೊದಲ ಮಳೆ ಬಿದ್ದ ಮೇಲೆ ಇಳಿಯುತ್ತದೆ.

ಈ ಐದಾರು ತಿಂಗಳಲ್ಲಿ ನಾವು ಏನೇನು ಮಾಡುತ್ತೇವೆ ಅಂತ ಒಮ್ಮೆ ಎಣಿಸಿ ನೋಡಿ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವುದು, ಕೊಟ್ಟಿಗೆಗೆ ಸೊಪ್ಪು ಕಡಿಯುವುದು, ಒಣ ಕಟ್ಟಿಗೆ ತರುವುದು, ಅಪ್ಪೆಮಿಡಿ, ಕರಾವಳಿ ಗುಡ್ಡದ ಗೇರುಬೀಜ, ಮುರುಗಲು, ಶಿವರಾತ್ರಿಗೆ ಸಹಸ್ರಲಿಂಗ, ಯಾಣ, ಪರೀಕ್ಷೆ ಮುಗಿದ ಮಕ್ಕಳ ಜೊತೆ ಉಂಚಳ್ಳಿ, ಸಾತೊಡ್ಡಿ, ಮಾಗೋಡು. ಬೆಟ್ಟದ ಕೆಲಸ, ಬೆಟ್ಟದ ತಿರುಗಾಟ ಎಲ್ಲವೂ ಎಳೆ ಉಣುಗಿನ ಕಾಲದಲ್ಲೇ ಬಂದು ಕೂತಿದೆ. ಹೋಗಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ, ನಾನೂ ಹೋಗುತ್ತೇನೆ. ಹೇಗೆ ಹೋಗಬೇಕು, ಹೇಗೆ ಬರಬೇಕು ಅನ್ನುವುದಷ್ಟೇ ಮಾತು.

ಅದು ಮೈ ಹತ್ತುವ ರೀತಿ

ಉಣುಗು ಹಾರುವುದಿಲ್ಲ, ಚಿಮ್ಮುವುದಿಲ್ಲ. ಮರದಿಂದ ತಲೆ ಮೇಲೆ ಉದುರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಅದು ದರಕಿನ ಮೇಲೋ, ಹುಲ್ಲಿನ ತುದಿಯಲ್ಲೋ, ಮೊಣಕಾಲೆತ್ತರದ ಗಿಡದ ಎಲೆಯಲ್ಲೋ ಹಿಂಗಾಲಲ್ಲಿ ಹಿಡಿದುಕೊಂಡು ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಮೈಯ ಬಿಸಿ ಅದರ ಮುಂಗಾಲಿಗೆ ತಿಳಿಯುತ್ತದೆ. ನಾವು ಸವರಿಕೊಂಡು ಹೋದಾಗ ಬಟ್ಟೆ ಹಿಡಿದು ಮೇಲಕ್ಕೆ ಹತ್ತುತ್ತದೆ. ತಲೆಯಲ್ಲಿ, ಕಿವಿ ಹಿಂದೆ ಸಿಕ್ಕಿದರೆ ಹೆಚ್ಚಾಗಿ ಅದು ಕಾಲಿನಿಂದ ಅಲ್ಲಿಯವರೆಗೆ ನಡೆದು ಬಂದದ್ದು, ಇಲ್ಲವೇ ನೀವು ತಲೆ ಮೇಲೆ ಹೊತ್ತ ಸೊಪ್ಪಿನ ಹೊರೆಯಿಂದ ಇಳಿದದ್ದು.

ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಅದು ಕೆಳಗಿನಿಂದ ಮೇಲೆ ಬರುತ್ತದೆ, ನಿಧಾನ ಬರುತ್ತದೆ, ಕಚ್ಚುವ ಮುಂಚೆ ಮೆತ್ತನೆಯ ಜಾಗ ಹುಡುಕುತ್ತಾ ಸ್ವಲ್ಪ ಹೊತ್ತು ಓಡಾಡುತ್ತದೆ. ಆ ಹೊತ್ತಿನೊಳಗೆ ನಾವು ಅದನ್ನು ಹಿಡಿಯಬೇಕು.

ಬಟ್ಟೆ

ತಿಳಿ ಬಣ್ಣದ್ದು ಹಾಕಿಕೊಳ್ಳಿ. ಬಿಳಿ ಅಥವಾ ತಿಳಿಹಳದಿ ಬಟ್ಟೆ ಮೇಲೆ ಎಳ್ಳಿನಂಥದ್ದು ಓಡಾಡಿದರೆ ಕಾಣುತ್ತದೆ, ಕರಿ ಜೀನ್ಸ್ ಮೇಲೆ ದೇವರಿಗೂ ಕಾಣದು. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು. ಅಂಗಿಯನ್ನು ಪ್ಯಾಂಟಿನ ಒಳಗೆ ಸಿಕ್ಕಿಸಿ, ಪ್ಯಾಂಟಿನ ತುದಿಯನ್ನು ಸಾಕ್ಸಿನ ಒಳಗೆ ಸಿಕ್ಕಿಸಿ. ಫೋಟೋದಲ್ಲಿ ಚೆಂದ ಬರುವುದಿಲ್ಲ ಅಂತ ಹುಡುಗರು ಇದಕ್ಕೆ ಒಪ್ಪುವುದಿಲ್ಲ, ಆದರೂ ಹೇಳಿ. ಗಮ್‌ಬೂಟು ಇದ್ದರೆ ಇನ್ನೂ ಒಳ್ಳೆಯದು, ಮಳೆಗಾಲಕ್ಕೆ ತಂದದ್ದು ಅಟ್ಟಕ್ಕೆ ಹಾಕಬೇಡಿ. ಬೂಟಿನ ಬಾಯಿಯ ಒಳಗೆ ಪ್ಯಾಂಟು ಹೋಗಿರಬೇಕು ಅಷ್ಟೇ.

ಕಷ್ಟ ಇರುವುದು ಹೆಂಗಸರಿಗೆ. ದರಕು ಗುಡಿಸುವುದು, ಕಟ್ಟಿಗೆ ತರುವುದು ನಮ್ಮಲ್ಲಿ ಹೆಚ್ಚಾಗಿ ಅವರೇ. ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ದರಕಿನ ನಡುವೆ ಬಗ್ಗಿ ಇಡೀ ಬೆಳಿಗ್ಗೆ ಕೆಲಸ ಮಾಡುತ್ತಾರೆ. ಸೀರೆ ಮೇಲೆ ಗಂಡಸರ ಹಳೇ ಅಂಗಿ ಹಾಕಿಕೊಳ್ಳುವ ರೂಢಿ ಹೇಗೂ ಇದೆ. ಅದರ ಜೊತೆ ಒಳಗೆ ಒಂದು ಹಳೇ ಪ್ಯಾಂಟು ಅಥವಾ ಲೆಗ್ಗಿಂಗ್ಸು, ಕಾಲಿಗೆ ಉದ್ದ ಸಾಕ್ಸು, ತಲೆಗೆ ಬಿಗಿಯಾಗಿ ಕಟ್ಟಿದ ಒಂದು ಬಟ್ಟೆ ಸೇರಿಸಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಇದ್ದರೆ ಸಾಕ್ಸು, ಬೂಟು ತಂದುಕೊಡುವ ಹೊಣೆ ನಿಮ್ಮದು. ಒಂದು ಜೊತೆ ಬೂಟಿಗೆ ಆಗುವ ಖರ್ಚು ಒಬ್ಬರ ಒಂದೆರಡು ದಿನದ ಕೂಲಿಯಷ್ಟು. ಇದನ್ನು ಯಾರೂ ದೊಡ್ಡ ದಾನ ಅಂತ ತಿಳಿಯಬಾರದು.

ಸೊಪ್ಪಿನ ಹೊರೆ ಹೊರುವಾಗ ತಲೆ, ಕುತ್ತಿಗೆ, ಹೆಗಲು ಮುಚ್ಚುವ ಹಾಗೆ ಒಂದು ಗೊಬ್ಬರದ ಚೀಲ ಕತ್ತರಿಸಿ ಕೊಪ್ಪೆಯ ಹಾಗೆ ಹಾಕಿಕೊಳ್ಳಬಹುದು. ದರಕಿನ ರಾಶಿಯನ್ನು ಮನೆ ಗೋಡೆಗೆ ಒತ್ತಿ ಹಾಕಬೇಡಿ, ದೂರ ಇರಲಿ, ಮಕ್ಕಳು ಅದರ ಮೇಲೆ ಹಾರಿ ಆಡದಿರಲಿ.

ಹಚ್ಚಿಕೊಳ್ಳುವ ಎಣ್ಣೆ

ಮಂಗನ ಕಾಯಿಲೆ ಕಂಡ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತಿರ ಬರದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಾಟಲಿ ಪುಕ್ಕಟೆ ಕೊಡುತ್ತಾರೆ. ಸೈನಿಕರು ಕಾಡಿನಲ್ಲಿ ಬಳಸಲಿ ಅಂತ ರಕ್ಷಣಾ ಸಂಶೋಧನೆಯವರು, ಅಂದರೆ ಡಿಆರ್‌ಡಿಒ, ತಯಾರು ಮಾಡಿದ್ದು ಅದು. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಸೀಲು ಒಡೆಯದೆ ಕಿಟಕಿ ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ. ಅಂಟು ಅನ್ನಿಸುತ್ತದೆ, ವಾಸನೆ ಅನ್ನಿಸುತ್ತದೆ ಅಂತ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹೊರಡುವ ಮುಂಚೆ ಪಾದ, ಮೀನಖಂಡ, ಕೈ, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯ ಇದ್ದ ಜಾಗ ಬಿಡಿ. ಬಂದ ಮೇಲೆ ಸೋಪು ಹಾಕಿ ತೊಳೆಯಿರಿ.

ಡೇಪಾ ಸಿಗದ ಪೇಟೆಯವರು ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮು, ಸ್ಪ್ರೇ ತೆಗೆದುಕೊಳ್ಳಬಹುದು. ಮುಂದಿನ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಚೀಟಿ ಓದಿ. ಡೀಟ್ 20ರಿಂದ 30 ಶೇಕಡಾ ಇದ್ದರೆ ಒಂದು ಬೆಳಗಿನ ತಿರುಗಾಟಕ್ಕೆ ಸಾಕು. ನಮ್ಮ ಕರಾವಳಿಯ ಬೆವರಿಗೆ ಯಾವುದೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಮಾರ್ಚಿನಲ್ಲಿ ಕಾರವಾರದ ಗುಡ್ಡೆಹಳ್ಳಿ ಹತ್ತುವವರು ನಡುವೆ ಇನ್ನೊಮ್ಮೆ ಹಚ್ಚಲೇಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಡೀಟ್ ಬೇಡವೇ ಬೇಡ. ದೊಡ್ಡ ಮಕ್ಕಳಿಗೆ ನೀವೇ ಹಚ್ಚಿ, ಅವರ ಅಂಗೈಗೆ ಮಾತ್ರ ಬೇಡ, ಕೈ ಬಾಯಿಗೆ ಹೋಗುತ್ತದೆ. ಬೇವಿನ ಎಣ್ಣೆ ಹಚ್ಚುವವರೂ ಇದ್ದಾರೆ. ಹಚ್ಚಿಕೊಳ್ಳಿ, ಆದರೆ ಅದೊಂದನ್ನೇ ನಂಬಿ ಸಾಕ್ಸು ಬಿಡಬೇಡಿ.

ಪರ್ಮೆಥ್ರಿನ್ ಅಂತ ಉಣುಗು ಕೊಲ್ಲುವ ಔಷಧಿ ಇನ್ನೊಂದು ಇದೆ. ಅದು ಬಟ್ಟೆಗೆ, ಬೂಟಿಗೆ ಮಾತ್ರ. ಬಟ್ಟೆಗೆ ಅಂತಲೇ ಮಾಡಿದ, 0.5 ಶೇಕಡಾ ಇರುವ ಸ್ಪ್ರೇ ಸಿಕ್ಕರೆ ಹೊಡೆದು ಪೂರ್ತಿ ಒಣಗಿಸಿ ಹಾಕಿಕೊಳ್ಳಬೇಕು. ತೋಟದ ಔಷಧಿ ಅಂಗಡಿಯ ಡಬ್ಬಿ ತಂದು ಮನೆಯಲ್ಲಿ ನೀರು ಬೆರೆಸುವ ಸಾಹಸ ಖಂಡಿತ ಬೇಡ, ಅದರ ಅಳತೆಯೇ ಬೇರೆ.

ಬೆಟ್ಟದಲ್ಲಿ ಇರುವಾಗ

ದಾರಿಯ ನಡುವೆ ನಡೆಯಿರಿ, ಎರಡೂ ಕಡೆಯ ಹುಲ್ಲು ಸವರದಂತೆ. ದನ ಓಡಾಡಿ ಮಾಡಿದ ಕಿರುದಾರಿ ಹಿಡಿಯುವಾಗ ಜಾಸ್ತಿ ಎಚ್ಚರ, ಉಣುಗು ಕಾಯುವುದೇ ಪ್ರಾಣಿ ಹಾಯುವ ಕಡೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ದಾಟಿ ಹೋಗುವವರು ಚಡ್ಡಿಯಲ್ಲಿ ಹೋಗುತ್ತಾರೆ. ಬರಿ ಮರಳಿನ ಮೇಲೆ ಉಣುಗಿನ ಚಿಂತೆ ಇಲ್ಲ, ನಡುವಿನ ಗುಡ್ಡದ ಪೊದೆಯಲ್ಲಿ ದನ ಮೇಯುವ ಕಡೆ ಸ್ವಲ್ಪ ನೋಡಿಕೊಳ್ಳಿ.

ಕೂರುವಾಗ ಬಂಡೆ ಮೇಲೆ ಕೂರಿ. ಅದೂ ಇಲ್ಲದಿದ್ದರೆ ಒಂದು ತಿಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಮಲಗಲೇಬೇಡಿ. ಕೆಲಸದ ನಡುವೆ ಊಟ ಆದ ಮೇಲೆ ಮರದ ಅಡಿ ಒಂದು ನಿದ್ದೆ ಹೊಡೆಯುವ ರೂಢಿ ನಮ್ಮಲ್ಲಿ ಬಹಳ ಜನರಿಗೆ ಇದೆ, ಈ ತಿಂಗಳುಗಳಲ್ಲಿ ಆ ನಿದ್ದೆಯನ್ನು ಮನೆ ಜಗುಲಿಗೆ ಇಟ್ಟುಕೊಳ್ಳಿ. ಟೆಂಟು ಹಾಕುವವರು ಬಿಸಿಲು ಬೀಳುವ ಬೋಳು ಜಾಗ ನೋಡಬೇಕು, ಮಂಗಗಳು ಬಂದು ಹಣ್ಣು ತಿನ್ನುವ ಮರದ ಕೆಳಗೆ ಬೇಡ.

ಜಾಗದಲ್ಲಿ ಉಣುಗು ಇದೆಯಾ ಅಂತ ತಿಳಿಯಲು ಒಂದು ಉಪಾಯ ಇದೆ, ಸಂಶೋಧಕರು ಮಾಡುವುದೂ ಇದನ್ನೇ. ಒಂದು ಹಳೇ ಬಿಳಿ ಪಂಚೆಯ ತುಂಡನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ, ದರಕಿನ ಮೇಲೆ ಹತ್ತು ಹೆಜ್ಜೆ ಎಳೆದು ತಿರುಗಿಸಿ ನೋಡಿ. ಚುಕ್ಕೆ ಓಡಾಡಿದರೆ ಅಲ್ಲಿ ಕೂರುವ ಯೋಚನೆ ಬಿಡಿ. ಏನೂ ಕಾಣದಿದ್ದರೆ ಉಣುಗೇ ಇಲ್ಲ ಅಂತ ಅರ್ಥ ಅಲ್ಲ, ಮೈ ನೋಡಿಕೊಳ್ಳುವುದನ್ನು ಬಿಡಬಾರದು. ಗಂಟೆಗೊಮ್ಮೆ ನಿಂತು ಒಬ್ಬರ ಬಟ್ಟೆ ಇನ್ನೊಬ್ಬರು ನೋಡಿ. ಮೊಣಕಾಲ ಹಿಂಭಾಗ, ಬೆನ್ನು, ಕಾಲರು. ಬಟ್ಟೆ ಮೇಲಿದ್ದಾಗ ತೆಗೆಯುವುದು ಸುಲಭ, ಅಂಟು ಟೇಪಿನ ಒಂದು ತುಂಡು ಒತ್ತಿದರೆ ಸಾಕು, ಅದರಲ್ಲೇ ಮಡಚಿ ಬಿಡಿ.

ಸತ್ತ ಮಂಗ ಕಂಡರೆ

ಹತ್ತಿರ ಹೋಗಬೇಡಿ. ಕೋಲಿನಿಂದ ತಿರುಗಿಸಿ ನೋಡುವುದು, ಪಾಪ ಅಂತ ಮಣ್ಣು ಮಾಡುವುದು, ಫೋಟೋ ತೆಗೆಯಲು ಬಗ್ಗುವುದು ಯಾವುದೂ ಬೇಡ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗೆಲ್ಲ ಇಳಿದು ಸುತ್ತ ಹರಡುತ್ತದೆ. ಆ ಉಣುಗಿನಲ್ಲಿ ವೈರಸ್ ಇರುವ ಸಾಧ್ಯತೆ ಬೇರೆ ಕಡೆಗಿಂತ ಜಾಸ್ತಿ. ಬಂದ ದಾರಿಯಲ್ಲೇ ವಾಪಸು ಹೋಗಿ ಆರೋಗ್ಯ ಕೇಂದ್ರಕ್ಕೆ, ಫಾರೆಸ್ಟ್ ಗಾರ್ಡಿಗೆ, ಪಂಚಾಯಿತಿಗೆ ತಿಳಿಸಿ. ಅವರು ಮಂಗನ ದೇಹದಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ದೇಹವನ್ನು ಸುಡುತ್ತಾರೆ, ಸುತ್ತ 50 ಮೀಟರಿನಷ್ಟು ಜಾಗಕ್ಕೆ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹೊಡೆಯುತ್ತಾರೆ. ಆ ಭಾಗದ ಬೆಟ್ಟಕ್ಕೆ ಮಳೆ ಬೀಳುವ ತನಕ ಹೋಗದಿರುವುದೇ ಒಳ್ಳೆಯದು, ದನವನ್ನೂ ಬಿಡಬೇಡಿ. ಮಂಗ ಸತ್ತ ಸುದ್ದಿ ಹೇಳಿದರೆ ಊರಿಗೆ ಕೆಟ್ಟ ಹೆಸರು, ಪ್ರವಾಸಿಗರು ಬರುವುದಿಲ್ಲ ಅಂತ ಮುಚ್ಚಿಡುವವರನ್ನು ನಾನು ನೋಡಿದ್ದೇನೆ. ಜನರಿಗೆ ಜ್ವರ ಬರುವ ಮುಂಚೆ ಸಿಗುವ ಸೂಚನೆ ಅದೊಂದೇ ಇರಬಹುದು, ಅದನ್ನು ಮುಚ್ಚಿಡಬಾರದು.

ಮನೆಗೆ ಬಂದ ಮೇಲೆ

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ಇಟ್ಟುಕೊಳ್ಳಿ. ನಮ್ಮ ಆಯಿ ಈಗ ಬಾಗಿಲಲ್ಲೇ ನಿಂತು ಹೇಳುತ್ತಾಳೆ, "ಬಟ್ಟೆ ಹೊರಗೇ ಬಿಚ್ಚಿಡಾ ತಮಾ, ಮೊದ್ಲು ಮಿಂದ್ಕಂಡು ಬಾ, ಆಸ್ರಿಗೆ ಆಮೇಲೆ." ಅಕ್ಕನ ಮಗನ ಕಿವಿ ಹಿಂದೆ ಉಣುಗು ಸಿಕ್ಕಿದ ಮೇಲೆ ಶುರುವಾದ ನಿಯಮ ಅದು, ಯಾರಿಗೂ ರಿಯಾಯಿತಿ ಇಲ್ಲ. ಬಂದವರು ಸೀದಾ ಬಚ್ಚಲಿಗೆ. ಬಟ್ಟೆ ಸೋಫಾ ಮೇಲೆ, ಹಾಸಿಗೆ ಮೇಲೆ ಬೀಳಬಾರದು.

ಎರಡು ಗಂಟೆಯ ಒಳಗೆ ಸ್ನಾನ ಆಗಬೇಕು. ಇನ್ನೂ ಕಚ್ಚಿ ಹಿಡಿಯದ ಉಣುಗು ನೀರಿಗೆ ತೊಳೆದು ಹೋಗುತ್ತದೆ, ಕಚ್ಚಿದ್ದು ಕೈಗೆ ಸಿಗುತ್ತದೆ. ಸೋಪಿನ ಕೈಯಲ್ಲಿ ಇಡೀ ಮೈ ಸವರಿ, ಸಣ್ಣ ಗಂಟಿನಂಥದ್ದು ಸಿಕ್ಕರೆ ನಿಲ್ಲಿ. ಹುಡುಕಬೇಕಾದ ಜಾಗ ಇವು: ತಲೆಕೂದಲು, ಕಿವಿಯ ಹಿಂದೆ ಮತ್ತು ಒಳಗೆ, ಕಂಕುಳು, ಹೊಕ್ಕುಳು, ಸೊಂಟದಲ್ಲಿ ಪ್ಯಾಂಟು ಬಿಗಿಯುವ ಜಾಗ, ಉಡಿದಾರದ ಅಡಿ, ತೊಡೆಸಂದಿ, ಮೊಣಕಾಲ ಹಿಂದಿನ ಮಡಿಕೆ, ಬೆರಳ ಸಂದಿ. ಹೆಂಗಸರು ಎದೆಯ ಕೆಳಗೂ ನೋಡಬೇಕು. ಬೆನ್ನಿಗೆ ಕನ್ನಡಿ ಬೇಕು ಅಥವಾ ಮನೆಯವರ ಕಣ್ಣು ಬೇಕು. ಮಕ್ಕಳನ್ನು ಬೆಳಕಿಗೆ ನಿಲ್ಲಿಸಿ ನೀವೇ ನೋಡಿ, ತಲೆಯನ್ನು ಸಣ್ಣ ಹಣಿಗೆಯಲ್ಲಿ ಬಾಚಿ. ಕಂದು ಮಚ್ಚೆ ಅಂತ ಬಿಡಬೇಡಿ, ನಿನ್ನೆ ಇಲ್ಲದ ಮಚ್ಚೆ ಇವತ್ತು ಎಲ್ಲಿಂದ ಬರುತ್ತದೆ?

ಬಟ್ಟೆಯ ವಿಷಯ. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ, ಬಕೆಟ್ಟಿನಲ್ಲಿ ರಾತ್ರಿ ನೆನೆದಿಟ್ಟರೂ ಬದುಕಿರಬಹುದು. ಬಿಸಿನೀರು ಬೇಕು, 54 ಡಿಗ್ರಿಗಿಂತ ಮೇಲಿನದು, ಕೈ ಇಡಲಾಗದಷ್ಟು ಬಿಸಿ. ನಮ್ಮ ಮನೆಗಳಲ್ಲಿ ಬಚ್ಚಲ ಒಲೆ, ಹಂಡೆ ಹೇಗೂ ಇದೆ. ಕುದಿಯುವ ನೀರು ಬಕೆಟ್ಟಿಗೆ ಸುರಿದು ಬಟ್ಟೆ ಮುಳುಗಿಸಿ ಮುಚ್ಚಿಡಿ, ಆಮೇಲೆ ಒಗೆದು ಬಿಸಿಲಿಗೆ ಹಾಕಿ. ಬೂಟು, ಚೀಲ, ಟೋಪಿ ತೊಳೆಯಲಾಗದಿದ್ದರೆ ಅಂಗಳದಲ್ಲೇ ಜೋರಾಗಿ ಕೊಡವಿ, ಹೊಲಿಗೆ ಸಂದಿ ನೋಡಿ, ಒಳಗೆ ತರಬೇಡಿ.

ದನ, ನಾಯಿ ಇದ್ದವರು ಅವುಗಳ ಕಿವಿ, ಕೆಚ್ಚಲು, ಬಾಲದ ಬುಡ ನೋಡುವ ರೂಢಿ ಮಾಡಿ. ದನಕ್ಕೆ ಮಂಗನ ಕಾಯಿಲೆಯಿಂದ ತೊಂದರೆ ಕಾಣುವುದಿಲ್ಲ, ಆದರೆ ದೊಡ್ಡ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ಅದರ ಮೈಮೇಲೆ. ಪಶು ವೈದ್ಯರನ್ನು ಕೇಳಿದರೆ ಬೆನ್ನ ಮೇಲೆ ಸುರಿಯುವ ಔಷಧಿಯೋ ಚುಚ್ಚುಮದ್ದೋ ಹೇಳುತ್ತಾರೆ. ಉಣುಗನ್ನು ಕಿತ್ತು ಕೊಟ್ಟಿಗೆ ನೆಲಕ್ಕೆ ಎಸೆಯಬೇಡಿ.

ಕಚ್ಚಿ ಹಿಡಿದಿದ್ದರೆ ತೆಗೆಯುವುದು

ಬೀಡಿ ತುದಿ ತಾಗಿಸುವುದು, ಸೀಮೆಎಣ್ಣೆ, ಸುಣ್ಣ, ತಂಬಾಕು, ನೈಲ್ ಪಾಲಿಶ್ ಎಲ್ಲ ಬಿಡಿ. ಉಂಬಳಕ್ಕೆ ಸುಣ್ಣ ನಡೆಯುತ್ತದೆ, ಅದು ತಟ್ಟನೆ ಬಿಡುತ್ತದೆ. ಉಣುಗು ಹಾಗಲ್ಲ. ಅದು ಬಾಯಿಯನ್ನು ಚರ್ಮದ ಒಳಗೆ ಅಂಟಿಸಿಕೊಂಡಿರುತ್ತದೆ, ಕಾಟ ಕೊಟ್ಟರೆ ಬಿಡುವ ಬದಲು ಇನ್ನಷ್ಟು ಜೊಲ್ಲನ್ನು ನಮ್ಮ ಒಳಗೇ ಬಿಡಬಹುದು. ವೈರಸ್ ಬರುವುದು ಆ ಜೊಲ್ಲಿನಲ್ಲಿ.

ಮುಳ್ಳು ತೆಗೆಯುವ ಚೂಪು ತುದಿಯ ಚಿಮಟ ತೆಗೆದುಕೊಳ್ಳಿ. ಉಣುಗಿನ ಹೊಟ್ಟೆ ಹಿಡಿಯಬೇಡಿ, ಚರ್ಮಕ್ಕೆ ತಾಗಿರುವ ತಲೆಯ ಭಾಗ ಹಿಡಿಯಿರಿ. ತಿರುಚದೆ, ಜಗ್ಗದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಿರಿ. ಚರ್ಮ ಸ್ವಲ್ಪ ಎದ್ದು ಬರುತ್ತದೆ, ಹಾಗೇ ಹಿಡಿದುಕೊಂಡರೆ ಬಿಡುತ್ತದೆ. ಬಾಯಿಯ ತುಣುಕು ಒಳಗೆ ಉಳಿದರೆ ಸುಲಭಕ್ಕೆ ಬಂದರೆ ತೆಗೆಯಿರಿ, ಬಾರದಿದ್ದರೆ ಸೂಜಿ ಹಾಕಿ ಕೆದಕಬೇಡಿ, ಚರ್ಮವೇ ಅದನ್ನು ಹೊರಹಾಕುತ್ತದೆ. ಚಿಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಕವರೋ ಬಟ್ಟೆಯೋ ಸುತ್ತಿಕೊಂಡು ಹೀಗೇ ತೆಗೆಯಬಹುದು. ಉಗುರಿನ ಮೇಲಿಟ್ಟು ಹೇನಿನಂತೆ ಚಿಟ್ ಅನ್ನಿಸುವುದು ಮಾತ್ರ ಬೇಡ. ಅದರ ಒಳಗಿನ ರಸ ಬೆರಳ ಗಾಯಕ್ಕೆ, ಕಣ್ಣಿಗೆ ತಾಗಬಾರದು. ಟೇಪಿನಲ್ಲಿ ಸುತ್ತಿ, ಅಥವಾ ಸ್ಪಿರಿಟ್ಟಿನ ಬಾಟಲಿಗೆ ಹಾಕಿ ಮುಚ್ಚಿ. ಕಚ್ಚಿದ ಜಾಗ, ಕೈ ಎರಡನ್ನೂ ಸೋಪಿನಲ್ಲಿ ತೊಳೆಯಿರಿ.

ಇಂಟರ್‌ನೆಟ್ಟಿನಲ್ಲಿ ಓದಿದವರು 24 ಗಂಟೆಯ ಒಳಗೆ ತೆಗೆದರೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಅದು ಅಮೆರಿಕ, ಯುರೋಪಿನ ಲೈಮ್ ಕಾಯಿಲೆಯ ಲೆಕ್ಕ, ಅದು ಬ್ಯಾಕ್ಟೀರಿಯಾದಿಂದ ಬರುವುದು. ನಮ್ಮದು ವೈರಸ್. ಇದೇ ಗುಂಪಿನ ಬೇರೆ ಉಣುಗು ವೈರಸ್‌ಗಳು ನಿಮಿಷಗಳಲ್ಲೇ ದಾಟಬಲ್ಲವು. ಹಾಗಾಗಿ ಕಂಡ ಕೂಡಲೇ ತೆಗೆಯಿರಿ, ನಾಳೆ ಡಾಕ್ಟರ ಹತ್ತಿರ ತೆಗೆಸೋಣ ಅಂತ ಕಾಯಬೇಡಿ.

ಆಮೇಲಿನ ದಿನಗಳು

ಕಚ್ಚಿದ ತಾರೀಖು, ಹೋಗಿದ್ದ ಜಾಗ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಚ್ಚಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಹೆಚ್ಚಿನ ಉಣುಗಿನಲ್ಲಿ ವೈರಸ್ಸೇ ಇರುವುದಿಲ್ಲ. ಬರುವುದಾದರೆ ಸಾಮಾನ್ಯವಾಗಿ 3ರಿಂದ 8 ದಿನದ ಒಳಗೆ. ಇದ್ದಕ್ಕಿದ್ದಂತೆ ಚಳಿ, ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡಿದಂಥ ಮೈಕೈ ನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಕೆಲವರಿಗೆ ಎರಡನೇ ಸಲ ತಿರುಗಿ ಬರುತ್ತದೆ. ಆಗ ತಲೆನೋವಿನ ಜೊತೆ ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತಪ್ಪುವುದು ಕಾಣಬಹುದು. ಬಿಟ್ಟುಹೋಯಿತು ಅಂತ ಬೇಗ ಕೆಲಸಕ್ಕೆ ಇಳಿಯಬೇಡಿ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ, ಇದನ್ನು ಹಗುರ ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಇದಕ್ಕೇ ಅಂತ ಮದ್ದು ಇನ್ನೂ ಇಲ್ಲ. ಮೊದಲು ಕೊಡುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಆಸ್ಪತ್ರೆಯಲ್ಲಿ ಗ್ಲುಕೋಸು, ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಲೆಕ್ಕ ನೋಡಿ ದೇಹವನ್ನು ಕಾಯುತ್ತಾರೆ, ಬೇಗ ಹೋದಷ್ಟು ಒಳ್ಳೆಯದು. ಅಂಗಡಿಯಿಂದ ಆಸ್ಪಿರಿನ್, ಮೈಕೈ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಡಾಕ್ಟರ ಎದುರು ಕೂತ ಕೂಡಲೇ ಹೇಳಬೇಕಾದ ಮೊದಲ ಮಾತು "ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು" ಅನ್ನುವುದು. ಸಿದ್ದಾಪುರದ ಡಾಕ್ಟರು ತಾವೇ ಕೇಳಬಹುದು. ವಾರದ ರಜೆಗೆ ಬಂದು ಯಾಣ ನೋಡಿ ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸು ಹೋದವರಿಗೆ ಅಲ್ಲಿ ಜ್ವರ ಬಂದರೆ ಡೆಂಗ್ಯೂ, ಟೈಫಾಯ್ಡ್ ಅಂತ ಹುಡುಕುತ್ತಾ ದಿನ ಕಳೆಯಬಹುದು. ನಮ್ಮ ನೆಂಟರೊಬ್ಬರಿಗೆ ಹೀಗೆಯೇ ನಾಲ್ಕು ದಿನ ಹೋಯಿತು, ಉಣುಗು ಕಚ್ಚಿದ್ದನ್ನು ಅವರು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹೇಳಿದರೆ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ರಕ್ತ ಕಳಿಸುತ್ತಾರೆ. ಉಣುಗಿನಿಂದ ಬರುವ ಇನ್ನೊಂದು ಜ್ವರವೂ ಇದೆ, ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ, ಅದಕ್ಕೆ ಸರಿಯಾದ ಆಂಟಿಬಯೋಟಿಕ್ ಇದೆ. ಅದು ಸಿಗಬೇಕಾದರೂ ಇದೇ ಮಾತು ಹೇಳಬೇಕು.

ಮನೆಗೆ ಬೇಸಿಗೆ ರಜೆಗೆ ನೆಂಟರು ಬಂದು ಜಲಪಾತ ನೋಡಲು ಹೊರಟರೆ ನಾನೀಗ ನೀರಿನ ಬಾಟಲಿ ಜೊತೆ ಡೇಪಾ, ಅಂಟು ಟೇಪು, ಒಂದು ಚಿಮಟ ಕೊಟ್ಟು ಕಳಿಸುತ್ತೇನೆ. ಅವರು ವಾಪಸು ಬರುವಷ್ಟರಲ್ಲಿ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ.